ಫಂಗಸ್ ಕೊಲ್ಲುವ ಬೆಳಕು: ಲ್ಯಾಬಿನಲ್ಲಿ ಗೆದ್ದದ್ದು ಉಗುರಿನಲ್ಲಿ ಯಾಕೆ ಎಡವುತ್ತದೆ?

‘ಔಷಧಿಗೂ ಬಗ್ಗದ ಫಂಗಸ್ ಬೆಳಕಿಗೆ ಸತ್ತಿತು’ ಎಂಬ ಧಾಟಿಯ ಸುದ್ದಿ ಈಗೀಗ ಆಗಾಗ ಕಣ್ಣಿಗೆ ಬೀಳುತ್ತದೆ. ಒಂದು ಬಣ್ಣ ಹಚ್ಚುತ್ತಾರೆ, ಅದರ ಮೇಲೆ ಕೆಂಪು ಅಥವಾ ನೀಲಿ ಬೆಳಕು ಬಿಡುತ್ತಾರೆ, ಕೆಲವೇ ನಿಮಿಷದಲ್ಲಿ ಶೇ. 99.9ರಷ್ಟು ಫಂಗಸ್ ನಾಶ. ಅದೇ ಸುದ್ದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಪಾಯಕಾರಿ ಫಂಗಸ್‌ಗಳ ಪಟ್ಟಿಯೂ ಬಂದುಹೋಗುತ್ತದೆ. ಓದಿದವರಿಗೆ ಗೊಂದಲ ಆಗದೆ ಇರುತ್ತದಾ? ಇಷ್ಟು ಸುಲಭವಾಗಿದ್ದರೆ ಚರ್ಮದ ಡಾಕ್ಟರು ಇನ್ನೂ ತಿಂಗಳುಗಟ್ಟಲೆ ಮಾತ್ರೆ ಯಾಕೆ ಬರೆಯುತ್ತಾರೆ? ಉಗುರಿಗೆ ಲೇಸರ್ ಬಿಡುತ್ತಾರಲ್ಲ, ಅದೂ ಇದೇನಾ? ಆನ್‌ಲೈನಿನಲ್ಲಿ ಸಿಗುವ ನೀಲಿ ದೀಪದ ಪುಟ್ಟ ಯಂತ್ರ ತರಿಸಿಕೊಂಡರೆ ಸಾಕಾ?

ಬೆಳಕು ಮತ್ತು ಬಣ್ಣ ಸೇರಿ ಫಂಗಸ್ ಕೊಲ್ಲುವುದು ನಿಜ. ಅದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ. ಜಗಳ ಇರುವುದು ಬೇರೆ ಕಡೆ. ಫಂಗಸ್ ಕೂತಿರುವ ಜಾಗಕ್ಕೆ ಬಣ್ಣ, ಬೆಳಕು, ಆಮ್ಲಜನಕ ಮೂರೂ ಒಟ್ಟಿಗೆ ತಲುಪುತ್ತವೆಯೇ ಅನ್ನುವುದು ಪ್ರಶ್ನೆ. ಗಾಜಿನ ತಟ್ಟೆಯಲ್ಲಿ ತಲುಪುತ್ತವೆ. ಮನುಷ್ಯರ ಮೈಯಲ್ಲಿ ಕೆಲವು ಕಡೆ ಅರ್ಧಂಬರ್ಧ ತಲುಪುತ್ತವೆ, ಹಲವು ಕಡೆ ತಲುಪುವುದೇ ಇಲ್ಲ. ಸುದ್ದಿಗಳು ಹಾರಿಸಿಬಿಡುವುದು ಇದನ್ನೇ.

## ಹೊಸ ದಾರಿ ಯಾಕೆ ಬೇಕಾಯಿತು

2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಲ ಫಂಗಸ್‌ಗಳದ್ದೇ ಒಂದು ಪಟ್ಟಿ ಹೊರಡಿಸಿತು. ಅದರಲ್ಲಿ 19 ಹೆಸರುಗಳು. ಅತಿ ಗಂಭೀರ ಎನ್ನುವ ಗುಂಪಿನಲ್ಲಿ ನಾಲ್ಕು: ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್, ಕ್ಯಾಂಡಿಡ ಆರಿಸ್, ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ಯಾಂಡಿಡ ಆಲ್ಬಿಕನ್ಸ್. 2025ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆ ಔಷಧಿಗಳ ಲೆಕ್ಕ ಕೊಟ್ಟಿತು. ಹಿಂದಿನ ಹತ್ತು ವರ್ಷಗಳಲ್ಲಿ ಅಮೆರಿಕ, ಯುರೋಪ್ ಅಥವಾ ಚೀನಾದಲ್ಲಿ ಒಪ್ಪಿಗೆ ಪಡೆದ ಹೊಸ ಫಂಗಸ್ ಔಷಧಿಗಳು ನಾಲ್ಕೇ ನಾಲ್ಕು. ರೋಗಿಗಳ ಮೇಲೆ ಪ್ರಯೋಗದ ಹಂತದಲ್ಲಿ ಇದ್ದದ್ದು ಒಂಬತ್ತು, ಅವುಗಳಲ್ಲಿ ಕೊನೆಯ ಹಂತ ಮುಟ್ಟಿದ್ದು ಮೂರು.

ಬ್ಯಾಕ್ಟೀರಿಯಾಕ್ಕೆ ಇಷ್ಟೊಂದು ಔಷಧಿ ಇರುವಾಗ ಫಂಗಸ್‌ಗೆ ಯಾಕೆ ಇಲ್ಲ? ಫಂಗಸ್ ನಮಗೆ ತೀರಾ ಹತ್ತಿರದ ನೆಂಟ. ನಮ್ಮ ಜೀವಕೋಶದಲ್ಲಿ ಇರುವಂತೆ ಅದರಲ್ಲೂ ನ್ಯೂಕ್ಲಿಯಸ್ ಇದೆ, ಮೈಟೊಕಾಂಡ್ರಿಯಾ ಇದೆ. ಅದನ್ನು ಕೊಲ್ಲುವ ವಿಷ ನಮ್ಮನ್ನೂ ಮುಟ್ಟುತ್ತದೆ. ವ್ಯತ್ಯಾಸ ಇರುವ ಜಾಗಗಳು ಕೈಬೆರಳೆಣಿಕೆಯಷ್ಟು. ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಫಂಗಸ್ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಫ್ಲುಕೊನಜೋಲ್, ಇಟ್ರಾಕೊನಜೋಲ್, ಟರ್ಬಿನಾಫಿನ್, ಆಂಫೊಟೆರಿಸಿನ್ ಎಲ್ಲವೂ ಒಂದಲ್ಲ ಒಂದು ರೀತಿ ಇದೇ ಎರ್ಗೊಸ್ಟೆರಾಲ್ ಸುತ್ತ ಕೆಲಸ ಮಾಡುವವು. ಎಕಿನೊಕ್ಯಾಂಡಿನ್ ಎಂಬ ಗುಂಪು ಕೋಶದ ಹೊರಗೋಡೆಗೆ ಕೈ ಹಾಕುತ್ತದೆ. ದಿನಬಳಕೆಯ ಔಷಧಿಗಳ ಕಥೆ ಹೆಚ್ಚುಕಡಿಮೆ ಇಷ್ಟೇ.

ಒಂದು ಔಷಧಿ ಒಂದೇ ಜಾಗಕ್ಕೆ ಹೊಡೆಯುವಾಗ ಫಂಗಸ್‌ಗೆ ತಪ್ಪಿಸಿಕೊಳ್ಳುವುದು ಸುಲಭ. ಆ ಜಾಗದ ಆಕಾರ ಸ್ವಲ್ಪ ಬದಲಾದರೆ ಸಾಕು. ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಗಜಕರ್ಣದ ಫಂಗಸ್ ಮಾಡಿದ್ದು ಅದನ್ನೇ. ಟರ್ಬಿನಾಫಿನ್ ಹಿಡಿದುಕೊಳ್ಳುವ ಕಿಣ್ವದಲ್ಲಿ ಒಂದು ಸಣ್ಣ ಬದಲಾವಣೆ ಆಯಿತು, ಮಾತ್ರೆ ನಾಟುವುದು ನಿಂತಿತು. ದಕ್ಷಿಣ ಏಷ್ಯಾದಲ್ಲಿ ದೊಡ್ಡದಾಗಿ ಹಬ್ಬಿದ ಈ ತಳಿ 2023ರ ಹೊತ್ತಿಗೆ ಅಮೆರಿಕದಲ್ಲೂ ವರದಿಯಾಯಿತು. ಡಾಕ್ಟರನ್ನು ಕೇಳದೆ ಹಚ್ಚುವ ಸ್ಟಿರಾಯ್ಡ್ ಬೆರೆತ ಮುಲಾಮುಗಳು ಇದಕ್ಕೆ ಹಾದಿ ಮಾಡಿಕೊಟ್ಟವು ಎಂದು ಚರ್ಮರೋಗ ತಜ್ಞರು ವರ್ಷಗಳಿಂದ ಹೇಳುತ್ತಿದ್ದಾರೆ. ತುರಿಕೆ ಕಡಿಮೆಯಾಗುತ್ತದೆ, ಕೆಂಪು ಇಳಿಯುತ್ತದೆ, ಫಂಗಸ್ ಮಾತ್ರ ಒಳಗೆ ಆರಾಮಾಗಿ ಹಬ್ಬುತ್ತಾ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ‘ಒಂದೇ ಜಾಗಕ್ಕೆ ಹೊಡೆಯದ’ ಚಿಕಿತ್ಸೆ ಇದೆ ಎಂದರೆ ಎಲ್ಲರ ಕಿವಿ ನಿಮಿರುತ್ತದೆ.

## ಮ್ಯೂನಿಕ್‌ನ ಗುಡುಗಿನ ದಿನ

ಇದು ಹೊಸ ಆವಿಷ್ಕಾರ ಎಂದು ಸುದ್ದಿ ಬರೆಯುವವರು ಒಂದು ಶತಮಾನ ಹಿಂದಕ್ಕೆ ಹೋಗಬೇಕು. ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಹರ್ಮನ್ ಫಾನ್ ಟಾಪ್ಪೈನರ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಅಕ್ರಿಡಿನ್ ಎಂಬ ರಾಸಾಯನಿಕ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗೆ ಎಷ್ಟು ವಿಷ ಅನ್ನುವುದು ಅವನ ಪ್ರಯೋಗ. ಅದೇ ದ್ರಾವಣ, ಅದೇ ಪ್ರಮಾಣ. ಆದರೂ ಒಂದು ದಿನ ಜೀವಿಗಳು ಬೇಗ ಸಾಯುತ್ತಿದ್ದವು, ಇನ್ನೊಂದು ದಿನ ಎಷ್ಟೋ ಹೊತ್ತು ಬದುಕಿರುತ್ತಿದ್ದವು. ಬದಲಾಗಿದ್ದು ಏನು ಎಂದು ಹುಡುಕಿದರೆ, ಅವು ಬದುಕುಳಿದ ದಿನ ಗುಡುಗು, ಮೋಡ, ಕತ್ತಲು ಕವಿದ ಆಕಾಶ. ಅಕ್ರಿಡಿನ್ ಒಂದೇ ಕೊಲ್ಲುತ್ತಿರಲಿಲ್ಲ, ಬೆಳಕು ಒಂದೇ ಕೊಲ್ಲುತ್ತಿರಲಿಲ್ಲ. ಎರಡೂ ಸೇರಿದಾಗ ಸಾವು. 1900ರಲ್ಲಿ ಇದು ಪ್ರಕಟವಾಯಿತು. ಆಮ್ಲಜನಕವೂ ಬೇಕು ಎಂದು ಆಮೇಲೆ ಗೊತ್ತಾಯಿತು. ಟಾಪ್ಪೈನರ್ ಇದಕ್ಕೆ ‘ಫೋಟೋಡೈನಮಿಕ್’ ಎಂದು ಹೆಸರಿಟ್ಟರು.

ಹಾಗಾದರೆ ಇಷ್ಟು ವರ್ಷ ಎಲ್ಲಿತ್ತು? ಸೂಕ್ಷ್ಮಜೀವಿಗಳಿಗೆ ಆ್ಯಂಟಿಬಯಾಟಿಕ್ ಬಂದ ಮೇಲೆ ಬೆಳಕಿನ ತೊಡಕು ಯಾರಿಗೂ ಬೇಡವಾಯಿತು. ಫೋಟೋಡೈನಮಿಕ್ ಥೆರಪಿ, ಚಿಕ್ಕದಾಗಿ ಪಿಡಿಟಿ, ಕ್ಯಾನ್ಸರ್ ಕಡೆಗೆ ಹೊರಳಿತು. 1990ರ ದಶಕದಲ್ಲಿ ಕೆಲವು ಕ್ಯಾನ್ಸರ್‌ಗಳಿಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. 1999ರಲ್ಲಿ ಬಿಸಿಲಿನಿಂದ ಚರ್ಮದ ಮೇಲೆ ಬರುವ ಕ್ಯಾನ್ಸರ್‌ಪೂರ್ವ ಕಲೆಗಳಿಗೆ ಅಮಿನೊಲೆವುಲಿನಿಕ್ ಆಮ್ಲದ ಪಿಡಿಟಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಚರ್ಮದ ಡಾಕ್ಟರ ಕೋಣೆಗೆ ದೀಪ ಬಂದದ್ದು ಆ ದಾರಿಯಲ್ಲಿ. ದೀಪ ಹೇಗೂ ಇದೆ, ಫಂಗಸ್ ಮೇಲೂ ನೋಡೋಣ ಎಂಬ ಯೋಚನೆ ಬೆಳೆದದ್ದು ಆಮೇಲೆ.

## ಒಳಗೆ ನಡೆಯುವುದು ಏನು

ಮೊದಲು ಬಣ್ಣ. ಮೆಥಿಲೀನ್ ಬ್ಲೂ, ಟೊಲುಯಿಡಿನ್ ಬ್ಲೂ, ರೋಸ್ ಬೆಂಗಾಲ್, ರೈಬೊಫ್ಲೇವಿನ್ ಅಂದರೆ ಬಿ2 ವಿಟಮಿನ್, ಅರಿಶಿನದಲ್ಲಿರುವ ಕರ್ಕುಮಿನ್. ಇವೆಲ್ಲ ಬೆಳಕನ್ನು ಹೀರಿಕೊಂಡು ಕೆರಳುವ ಅಣುಗಳು. ಕತ್ತಲಲ್ಲಿ ಸುಮ್ನೆ ಇರುತ್ತವೆ. ತಮಗೆ ಒಗ್ಗುವ ಬಣ್ಣದ ಬೆಳಕು ಬಿದ್ದಾಗ ಶಕ್ತಿ ಹೀರಿ ಅದನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತವೆ. ಆಗ ಹುಟ್ಟುವುದು ‘ಸಿಂಗ್ಲೆಟ್ ಆಕ್ಸಿಜನ್’ ಎಂಬ ಉಗ್ರ ರೂಪ. ಜತೆಗೆ ಒಂದಿಷ್ಟು ಫ್ರೀ ರ‍್ಯಾಡಿಕಲ್‌ಗಳು.

ಸಿಂಗ್ಲೆಟ್ ಆಕ್ಸಿಜನ್ ಬಹಳ ಅಲ್ಪಾಯು. ನೀರಿನಲ್ಲಿ ಅದು ಬದುಕುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ನಾಲ್ಕು ಭಾಗದಷ್ಟು ಹೊತ್ತು. ಜೀವಕೋಶದ ಒಳಗೆ ಅದು ಚಲಿಸುವ ದೂರ ಒಂದು ಮೈಕ್ರೋಮೀಟರಿಗಿಂತ ಕಡಿಮೆ. ಕ್ಯಾಂಡಿಡ ಕೋಶವೇ ನಾಲ್ಕೈದು ಮೈಕ್ರೋಮೀಟರ್ ಅಗಲ ಇರುತ್ತದೆ. ಅಂದರೆ ಬಣ್ಣ ಎಲ್ಲಿ ಅಂಟಿದೆಯೋ ಅಲ್ಲೇ ಹಾನಿ. ಪೊರೆಗೆ ಅಂಟಿದರೆ ಪೊರೆ ಸೀಳುತ್ತದೆ, ಒಳಗೆ ಹೊಕ್ಕರೆ ಪ್ರೊಟೀನು, ಮೈಟೊಕಾಂಡ್ರಿಯಾ, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ.

ಇದೇ ಗುಣ ವರವೂ ಹೌದು, ತೊಡಕೂ ಹೌದು. ಒಂದೇ ಸಲ ಹತ್ತು ಜಾಗದಲ್ಲಿ ಪೆಟ್ಟು ಬೀಳುವುದರಿಂದ ಫ್ಲುಕೊನಜೋಲ್‌ಗೆ ಬಗ್ಗದ ತಳಿಯೂ ಸಾಯುತ್ತದೆ. ಹಳೆಯ ಔಷಧಿಯಿಂದ ತಪ್ಪಿಸಿಕೊಳ್ಳಲು ಅದು ಕಲಿತ ಉಪಾಯಗಳಲ್ಲಿ ಹೆಚ್ಚಿನವು ಇಲ್ಲಿ ನಡೆಯುವುದಿಲ್ಲ. ಆದರೆ ಬಣ್ಣ ಅಂಟದ ಕೋಶಕ್ಕೆ, ಅದು ಪಕ್ಕದಲ್ಲೇ ಇದ್ದರೂ, ಏನೂ ಆಗುವುದಿಲ್ಲ. ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುವ ಮಾತ್ರೆಗೆ ಈ ಚಿಂತೆ ಇಲ್ಲ.

ಬೆಳಕಿನದು ಇನ್ನೊಂದು ಮಿತಿ. ಕತ್ತಲಲ್ಲಿ ಟಾರ್ಚಿನ ಬಾಯಿಗೆ ಬೆರಳು ಅಡ್ಡ ಹಿಡಿದು ನೋಡಿ. ಟಾರ್ಚು ಬಿಳಿ, ಬೆರಳಿನಿಂದ ಹೊರಬರುವುದು ಮಾತ್ರ ಕೆಂಪು. ನೀಲಿ, ಹಸಿರು ಬೆಳಕನ್ನು ರಕ್ತ ಮತ್ತು ಚರ್ಮ ನುಂಗಿಬಿಡುತ್ತವೆ. ನೀಲಿ ಬೆಳಕು ಚರ್ಮದಲ್ಲಿ ಒಂದು ಮಿಲಿಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಖಾಲಿ. ಕೆಂಪು ಬೆಳಕು ಕೆಲವು ಮಿಲಿಮೀಟರ್ ಇಳಿಯುತ್ತದೆ, ಹೋದಂತೆ ಕ್ಷೀಣಿಸುತ್ತದೆ. ಹಾಗಾಗಿಯೇ ಸುಮಾರು 660 ನ್ಯಾನೊಮೀಟರ್‌ನ ಕೆಂಪು ಬೆಳಕನ್ನು ಹೀರುವ ಮೆಥಿಲೀನ್ ಬ್ಲೂ ಮೇಲೆ ಇಷ್ಟೊಂದು ಕೆಲಸ ನಡೆದಿದೆ. ಕರ್ಕುಮಿನ್‌ಗೆ ಬೇಕಾದದ್ದು ನೀಲಿ. ಸಾಲದ್ದಕ್ಕೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಬೆಳಕಿಗೆ ಬೇಗ ಮಾಸುತ್ತದೆ. ಅರಿಶಿನ ಹಚ್ಚಿ ಬಿಸಿಲಿಗೆ ನಿಂತರೆ ಪಿಡಿಟಿ ಆಯಿತು ಎಂದುಕೊಳ್ಳುವವರಿಗೆ ಇಷ್ಟು ಹೇಳಿದರೆ ಸಾಕು.

ಮೂರನೆಯದು ಆಮ್ಲಜನಕ. ಬೆಳಕು ತೀರಾ ಜೋರಾದರೆ ಅಲ್ಲಿದ್ದ ಆಮ್ಲಜನಕ ಬೇಗ ಖರ್ಚಾಗಿ ಕ್ರಿಯೆಯೇ ಕುಂಟುತ್ತದೆ. ಜಾಸ್ತಿ ಬೆಳಕು ಬಿಟ್ಟರೆ ಜಾಸ್ತಿ ಗುಣ ಎಂಬ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ.

## ಹೊಳೆಯುವುದೆಲ್ಲ ಪಿಡಿಟಿ ಅಲ್ಲ

ಗೊಂದಲ ಅರ್ಧಕ್ಕರ್ಧ ಹುಟ್ಟುವುದು ಇಲ್ಲಿ. ಉಗುರಿಗೆ ಬಿಡುವ 1064 ನ್ಯಾನೊಮೀಟರ್‌ನ ಲೇಸರ್ ಬೇರೆಯೇ ವಿಷಯ. ಅದಕ್ಕೆ ಬಣ್ಣ ಬೇಕಿಲ್ಲ. ಅದು ಶಾಖದ ಮೇಲೆ ನಿಂತ ಚಿಕಿತ್ಸೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಲೇಸರ್‌ಗಳಿಗೆ ಅನುಮತಿ ಕೊಟ್ಟದ್ದು ‘ತಾತ್ಕಾಲಿಕವಾಗಿ ಉಗುರಿನ ಸ್ವಚ್ಛ ಭಾಗ ಹೆಚ್ಚಾಗುತ್ತದೆ’ ಎಂಬಷ್ಟಕ್ಕೆ ಮಾತ್ರ. ಫಂಗಸ್ ವಾಸಿಯಾಗುತ್ತದೆ ಎಂದಲ್ಲ. ಜಾಹೀರಾತುಗಳಲ್ಲಿ ಈ ‘ತಾತ್ಕಾಲಿಕ’ ಎಲ್ಲಿ ಮಾಯವಾಗುತ್ತದೋ ಗೊತ್ತಿಲ್ಲ.

ಮನೆಬಳಕೆಯ ನೀಲಿ ದೀಪಗಳ ಜತೆಗೂ ಹಚ್ಚುವ ಬಣ್ಣ ಇಲ್ಲ. ಫಂಗಸ್ ಒಳಗೇ ಇರುವ ಪಾರ್ಫಿರಿನ್‌ನಂಥ ಅಣುಗಳು ನೀಲಿ ಬೆಳಕನ್ನು ಹೀರುತ್ತವೆ ಎಂಬ ನಂಬಿಕೆ ಮೇಲೆ ಅವು ನಿಂತಿವೆ. ತತ್ವ ಸುಳ್ಳಲ್ಲ. ಆದರೆ ಇದಕ್ಕೆ ಬೆಳಕಿನ ಪ್ರಮಾಣ ಬಹಳ ಬೇಕು, ಉಗುರಿನ ಅಡಿಗೆ ನೀಲಿ ಬೆಳಕು ಇಳಿಯುವುದು ಕಷ್ಟ. ಅತಿನೇರಳೆ ದೀಪ ಇನ್ನೂ ಬೇರೆ. ಅದು ನೇರವಾಗಿ ಡಿಎನ್‌ಎಗೆ ಹಾನಿ ಮಾಡುತ್ತದೆ, ನಮ್ಮ ಡಿಎನ್‌ಎಗೂ.

## ಶೇ. 99.9 ಎಂದರೆ ಎಷ್ಟು ಉಳಿದವು?

ತಟ್ಟೆಯಲ್ಲಿ ಹತ್ತು ಲಕ್ಷ ಕ್ಯಾಂಡಿಡ ಕೋಶ ಇವೆ ಎಂದುಕೊಳ್ಳಿ. ಶೇ. 99.9 ಸತ್ತರೆ ಉಳಿಯುವುದು ಒಂದು ಸಾವಿರ. ಅನುಕೂಲ ಇದ್ದಾಗ ಕ್ಯಾಂಡಿಡ ಸುಮಾರು ಒಂದೂವರೆ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು. ಸಾವಿರ ಮತ್ತೆ ಹತ್ತು ಲಕ್ಷ ಆಗಲು ಹತ್ತು ಇಮ್ಮಡಿ ಸಾಕು. ಅಂದರೆ ಹದಿನೈದು ಗಂಟೆ. ಸಂಜೆ ದೀಪ ಆರಿಸಿ ಹೋದವರು ಬೆಳಿಗ್ಗೆ ಬಂದು ನೋಡಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಇರಬಹುದು. ಮಾತ್ರೆ ದಿನವಿಡೀ ರಕ್ತದಲ್ಲಿ ಇರುತ್ತದೆ. ಬೆಳಕು ಆರಿದ ಮೇಲೆ ಪಿಡಿಟಿಯ ಪರಿಣಾಮ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅದಕ್ಕೇ ಇದನ್ನು ಹಲವು ಸಲ ಮಾಡಬೇಕಾಗುತ್ತದೆ, ಉಳಿದದ್ದನ್ನು ದೇಹದ ರೋಗನಿರೋಧಕ ಶಕ್ತಿ ನೋಡಿಕೊಳ್ಳಬೇಕಾಗುತ್ತದೆ.

ಇನ್ನೊಂದು ಮಾತು. ತಟ್ಟೆಯಲ್ಲಿ ನೀರಿನಲ್ಲಿ ತೇಲುವ ಬಿಡಿ ಕೋಶಗಳು ಬೇರೆ, ಮೈಮೇಲೆ ಅಂಟಂಟಾದ ಪದರ ಕಟ್ಟಿಕೊಂಡು ಕೂತ ಬಯೋಫಿಲ್ಮ್ ಬೇರೆ. ಬಣ್ಣ ಆ ಪದರದ ಮೇಲ್ಭಾಗಕ್ಕೆ ಅಂಟಿ ಅಲ್ಲೇ ಬೆಳಕನ್ನೂ ನುಂಗಿದರೆ ಅಡಿಯಲ್ಲಿದ್ದವು ಕ್ಷೇಮ.

## ಉಗುರು: ಆಸೆ ಹೆಚ್ಚು, ದಾರಿ ಗಟ್ಟಿ

ಪಿಡಿಟಿ ಬೇಕು ಎನ್ನುವವರ ವಾದ ಉಗುರಿನ ವಿಷಯದಲ್ಲಿ ನಿಜಕ್ಕೂ ಬಲವಾಗಿದೆ. ಕಾಲುಗುರಿನ ಫಂಗಸ್‌ಗೆ ಈಗಿರುವ ಅತ್ಯುತ್ತಮ ಮದ್ದು ಟರ್ಬಿನಾಫಿನ್ ಮಾತ್ರೆ, 12 ವಾರ. ಔಷಧಿಯ ಅಧಿಕೃತ ವಿವರದ ಪ್ರಕಾರ ಶೇ. 70 ರೋಗಿಗಳಲ್ಲಿ ಫಂಗಸ್ ಪರೀಕ್ಷೆ ನೆಗೆಟಿವ್ ಬರುತ್ತದೆ. ಆದರೆ ಉಗುರೂ ಪೂರ್ತಿ ಸ್ವಚ್ಛವಾಗಿ ವಾಸಿಯಾಗುವುದು ಶೇ. 38ರಲ್ಲಿ ಮಾತ್ರ. ಲಿವರ್ ತೊಂದರೆ ಇರುವವರಿಗೆ ಇದು ಆಗಿಬರುವುದಿಲ್ಲ. ಫ್ಲುಕೊನಜೋಲ್, ಇಟ್ರಾಕೊನಜೋಲ್ ಕೊಲೆಸ್ಟರಾಲ್ ಮಾತ್ರೆಯೂ ಸೇರಿ ಹಲವು ಔಷಧಿಗಳ ಜತೆ ಕಿತ್ತಾಡುತ್ತವೆ. ಇನ್ನು ಮೇಲೆ ಹಚ್ಚುವ ಔಷಧಿ. ಎಫಿನಕೊನಜೋಲ್ ಅನ್ನು 48 ವಾರ ದಿನಾ ಹಚ್ಚಿದರೂ ಪೂರ್ತಿ ವಾಸಿಯಾದವರು ಶೇ. 15ರಿಂದ 18. ಈ ಸಂಖ್ಯೆ ನೋಡಿದರೆ ಬೇರೆ ದಾರಿ ಹುಡುಕುವವರನ್ನು ತಪ್ಪು ಅನ್ನಲಾಗದು.

ಪಿಡಿಟಿ ಇಲ್ಲಿ ಏನು ಮಾಡಿದೆ? ಪ್ರಯೋಗಗಳು ಇವೆ, ಆದರೆ ಸಣ್ಣವು. ಗ್ರೀಸ್‌ನಲ್ಲಿ 30 ಜನರಿಗೆ ಅಮಿನೊಲೆವುಲಿನಿಕ್ ಆಮ್ಲ ಹಚ್ಚಿ ಕೆಂಪು ಬೆಳಕು ಬಿಟ್ಟರು. ವರ್ಷದ ನಂತರ 13 ಜನರಿಗೆ ವಾಸಿಯಾಗಿತ್ತು. ಒಂದೂವರೆ ವರ್ಷದ ಹೊತ್ತಿಗೆ ಅದು 11ಕ್ಕೆ ಇಳಿಯಿತು. ಬ್ರೆಜಿಲ್‌ನಲ್ಲಿ ಮೆಥಿಲೀನ್ ಬ್ಲೂ ಬಳಸಿದ ಕೆಲವರಿಗೆ ಇದಕ್ಕಿಂತ ಎಷ್ಟೋ ಉತ್ತಮ ಫಲಿತಾಂಶ ಸಿಕ್ಕಿದೆ. ಒಂದೇ ಚಿಕಿತ್ಸೆ, ಇಷ್ಟು ಅಂತರ ಯಾಕೆ?

ಬಣ್ಣ ಬೇರೆ, ಅದರ ಪ್ರಮಾಣ ಬೇರೆ, ದೀಪ ಬೇರೆ, ಎಷ್ಟು ಸಲ ಎನ್ನುವುದೂ ಬೇರೆ. ‘ವಾಸಿ’ ಎಂದರೆ ಏನು ಅನ್ನುವುದರಲ್ಲೂ ಒಮ್ಮತ ಇಲ್ಲ. ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೆಳಕು ಬಿಡುವ ಮೊದಲು ನಡೆಯುವ ಕೆಲಸ. ಉಗುರು ಕೆರಾಟಿನ್‌ನ ಗಟ್ಟಿ ಹಲಗೆ, ಬಣ್ಣ ಅದನ್ನು ದಾಟುವುದಿಲ್ಲ. ಹಾಗಾಗಿ ಮೊದಲು ಶೇ. 40ರ ಯೂರಿಯಾ ಮುಲಾಮು ಹಚ್ಚಿ ಉಗುರನ್ನು ಮೆತ್ತಗೆ ಮಾಡುತ್ತಾರೆ, ಇಲ್ಲವೇ ಯಂತ್ರದಿಂದ ಉಜ್ಜಿ ತೆಳ್ಳಗೆ ಮಾಡುತ್ತಾರೆ. ಹಾಗೆ ಮಾಡುವಾಗಲೇ ಫಂಗಸ್ ತುಂಬಿದ ಉಗುರಿನ ದೊಡ್ಡ ಪಾಲು ಕೆರೆದು ಹೋಗುತ್ತದೆ. ಆಮೇಲೆ ಸುಧಾರಣೆ ಕಂಡರೆ ಅದರ ಶ್ರೇಯ ಬೆಳಕಿಗೋ, ಉಜ್ಜಿದ್ದಕ್ಕೋ? ಇದು ಗೊತ್ತಾಗಬೇಕಾದರೆ ಇನ್ನೊಂದು ಗುಂಪಿಗೂ ಅಷ್ಟೇ ಉಜ್ಜಿ, ಸುಳ್ಳು ಬಣ್ಣ ಅಥವಾ ಸುಳ್ಳು ಬೆಳಕು ಬಿಟ್ಟು ನೋಡಬೇಕು. ಗ್ರೀಸ್‌ನ ಪ್ರಯೋಗದಲ್ಲಿ ಅಂಥ ಎದುರು ಗುಂಪು ಇರಲಿಲ್ಲ. ಇದ್ದ ಪ್ರಯೋಗಗಳಲ್ಲಿ ಬೆಳಕಿನ ಪಾಲು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಅಮಿನೊಲೆವುಲಿನಿಕ್ ಆಮ್ಲಕ್ಕೆ ಇನ್ನೊಂದು ಕೊಂಡಿ ಜಾಸ್ತಿ. ಅದು ತಾನೇ ಬಣ್ಣವಲ್ಲ, ಕಚ್ಚಾ ಸಾಮಗ್ರಿ. ಅದನ್ನು ತಿಂದು ಪಾರ್ಫಿರಿನ್ ತಯಾರಿಸುವ ಕೆಲಸ ಫಂಗಸ್ಸೇ ಮಾಡಬೇಕು. ಅಂದರೆ ತನ್ನ ಸಾವಿನ ಮದ್ದು ತಾನೇ ಅರೆಯಬೇಕು. ನಿಧಾನವಾಗಿ ಬೆಳೆಯುವ ಉಗುರಿನ ಫಂಗಸ್ ಈ ಕೆಲಸದಲ್ಲಿ ಸೋಮಾರಿ.

ಕೊನೆಗೆ ಕಾಲದ ಪ್ರಶ್ನೆ. ಕಾಲುಗುರು ತಿಂಗಳಿಗೆ ಬೆಳೆಯುವುದು ಒಂದೂವರೆ ಮಿಲಿಮೀಟರ್ ಅಷ್ಟೇ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು. ಮೂರು ತಿಂಗಳಿಗೆ ‘ಯಶಸ್ಸು’ ಘೋಷಿಸಿದ ಪ್ರಯೋಗ ನೋಡಿದ್ದು ಹಳೆಯ ಉಗುರನ್ನೇ.

## ಬಾಯಿ: ತಲುಪುವುದು ಸುಲಭ, ಮರಳುವುದೂ ಸುಲಭ

ಬಾಯಿಯ ಒಳಚರ್ಮ ತೇವ, ತೆಳು, ದೀಪಕ್ಕೆ ಸಿಗುವ ಜಾಗ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳ ಬಾಯಿಗೆ ಮೆಥಿಲೀನ್ ಬ್ಲೂ ಹಾಕಿ 664 ನ್ಯಾನೊಮೀಟರ್ ಲೇಸರ್ ಬಿಟ್ಟಾಗ, ಹೆಚ್ಚಿನ ಪ್ರಮಾಣದಲ್ಲಿ ಕ್ಯಾಂಡಿಡ ಪೂರ್ತಿ ಮಾಯವಾಯಿತು. ಮನುಷ್ಯರಲ್ಲಿ? ಕೃತಕ ಹಲ್ಲಿನ ಸೆಟ್ಟಿನ ಅಡಿ ಆಗುವ ಉರಿಯೂತಕ್ಕೆ ಬ್ರೆಜಿಲ್‌ನಲ್ಲಿ 40 ಜನರ ಮೇಲೆ ಹೋಲಿಕೆ ನಡೆಯಿತು. ಬೆಳಕಿನ ಗುಂಪಿನಲ್ಲಿ ಶೇ. 45, ಹಳೆಯ ನಿಸ್ಟಾಟಿನ್ ಔಷಧಿಯ ಗುಂಪಿನಲ್ಲಿ ಶೇ. 53 ಗುಣ. ಸರಿಸುಮಾರು ಒಂದೇ. ಎರಡೂ ಗುಂಪಿನಲ್ಲಿ ಕೆಲವರಿಗೆ ಮತ್ತೆ ಬಂತು, ಯಾಕೆಂದರೆ ಕ್ಯಾಂಡಿಡ ಬಾಯಿಯ ಕಾಯಂ ನಿವಾಸಿ. ನಿಸ್ಟಾಟಿನ್‌ಗೆ ಸಮ ಎನ್ನುವುದು ಸಣ್ಣ ಮಾತಲ್ಲ. ‘ಕ್ರಾಂತಿ’ ಎನ್ನುವಷ್ಟು ದೊಡ್ಡದೂ ಅಲ್ಲ.

## ಕಣ್ಣು: ಒಳ್ಳೆಯ ಯೋಚನೆ ಹಾನಿ ಮಾಡಿದ ಕಡೆ

ಕಣ್ಣಿನ ಮುಂಭಾಗದ ಪೊರೆ, ಅಂದರೆ ಕಾರ್ನಿಯಾ, ಪಾರದರ್ಶಕ. ಬೆಳಕಿನ ಚಿಕಿತ್ಸೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸುತ್ತದೆ, ಅಲ್ವಾ? ಕಾರ್ನಿಯಾದ ಫಂಗಸ್ ಹುಣ್ಣು ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಆಗುತ್ತದೆ ಎಂಬ ಅಂದಾಜಿದೆ. ಅದಕ್ಕೆ ಹಾಕುವ ನಟಾಮೈಸಿನ್ ಹನಿ ಎಲ್ಲರಿಗೂ ನಾಟುವುದಿಲ್ಲ, ಹಲವರು ದೃಷ್ಟಿ ಕಳೆದುಕೊಳ್ಳುತ್ತಾರೆ.

ಕಾರ್ನಿಯಾ ತೆಳುವಾಗುವ ಕಾಯಿಲೆಗೆ ರೈಬೊಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಡುವ ‘ಕ್ರಾಸ್ ಲಿಂಕಿಂಗ್’ ಮೊದಲೇ ಬಳಕೆಯಲ್ಲಿತ್ತು. ಅದನ್ನೇ ಫಂಗಸ್ ಹುಣ್ಣಿಗೂ ಬಳಸಿದರೆ ಎರಡು ಲಾಭ ಎಂದು ಲೆಕ್ಕ ಹಾಕಿದರು. ಫಂಗಸ್ ಸಾಯುತ್ತದೆ, ಕಾರ್ನಿಯಾ ಗಟ್ಟಿಯಾಗುತ್ತದೆ. ಒಬ್ಬಿಬ್ಬರಿಗೆ ಗುಣವಾದ ವರದಿಗಳು ಬಂದವು. ಆಮೇಲೆ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ 111 ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ನೋಡಿದರು. ಕೆಲವರಿಗೆ ಹನಿ ಮಾತ್ರ, ಕೆಲವರಿಗೆ ಹನಿ ಜತೆಗೆ ಬೆಳಕು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ದಿನದ ನಂತರ ಹುಣ್ಣಿನಲ್ಲಿ ಫಂಗಸ್ ಉಳಿದಿದ್ದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ದೃಷ್ಟಿ ಮಾತ್ರ ಬೆಳಕು ಬಿಟ್ಟವರದ್ದೇ ಕೆಟ್ಟದಾಗಿತ್ತು. ಮೂರು ವಾರಕ್ಕೆ ಕಣ್ಣಿನ ಚಾರ್ಟಿನಲ್ಲಿ ಸುಮಾರು ಎರಡು ಸಾಲು ಕಡಿಮೆ, ಮೂರು ತಿಂಗಳಿಗೆ ಸುಮಾರು ಮೂರು ಸಾಲು.

ತಟ್ಟೆಯಲ್ಲಿ ಗೆದ್ದದ್ದು ಕಣ್ಣಿನಲ್ಲಿ ಯಾಕೆ ಸೋತಿತು? ಸಿಂಗ್ಲೆಟ್ ಆಕ್ಸಿಜನ್ ಫಂಗಸ್ ಯಾವುದು, ಕಾರ್ನಿಯಾದ ಕೋಶ ಯಾವುದು ಎಂದು ಗುರುತು ಹಿಡಿಯುವುದಿಲ್ಲ. ಫಂಗಸ್ ಎಳೆಗಳು ಆಳಕ್ಕೆ ಇಳಿದಿರುತ್ತವೆ, ಬೆಳಕು ಮತ್ತು ಬಣ್ಣದ ಬಲ ಮೇಲ್ಪದರದಲ್ಲೇ ಹೆಚ್ಚು. ಬ್ಯಾಕ್ಟೀರಿಯಾಕ್ಕಿಂತ ಫಂಗಸ್ ಕೋಶ ದೊಡ್ಡದು, ಗೋಡೆ ದಪ್ಪ, ಹಾಗಾಗಿ ಕೊಲ್ಲಲು ಬೇಕಾದ ಪ್ರಮಾಣವೂ ಹೆಚ್ಚು. ಆ ಪ್ರಮಾಣ ನಮ್ಮ ಕೋಶ ತಡೆಯುವ ಮಿತಿಗೆ ಹತ್ತಿರ ಬರುತ್ತದೆ.

ಇದನ್ನು ನೋಡಿ ಕೆಲವರು ಕೈಬಿಟ್ಟರು, ಕೆಲವರು ಬಣ್ಣ ಬದಲಿಸಿದರು. ಮಿಯಾಮಿಯ ಬಾಸ್ಕಂ ಪಾಮರ್ ಕಣ್ಣಿನ ಸಂಸ್ಥೆಯಲ್ಲಿ ರೋಸ್ ಬೆಂಗಾಲ್ ಮತ್ತು ಹಸಿರು ಬೆಳಕಿನ ಜೋಡಿ ಬಳಸಿದರು. ಯಾವ ಔಷಧಿಗೂ ಬಗ್ಗದ 18 ಕಣ್ಣುಹುಣ್ಣುಗಳಲ್ಲಿ ಶೇ. 72ರಲ್ಲಿ ತುರ್ತು ಕಾರ್ನಿಯಾ ಕಸಿ ತಪ್ಪಿತು ಎಂದು 2019ರಲ್ಲಿ ವರದಿ ಮಾಡಿದರು. ಕೇಳಲು ಚೆನ್ನಾಗಿದೆ. ಆದರೆ ಆ 18ರಲ್ಲಿ ಅರ್ಧಕ್ಕಿಂತ ಹೆಚ್ಚು ಅಕಾಂತಮೀಬಾ ಎಂಬ ಅಮೀಬಾದ ಸೋಂಕು, ಫಂಗಸ್ ಅಲ್ಲವೇ ಅಲ್ಲ. ಹೋಲಿಸಲು ಎದುರು ಗುಂಪೂ ಇರಲಿಲ್ಲ. ರೈಬೊಫ್ಲೇವಿನ್ ಬಗ್ಗೆ ಆರಂಭದಲ್ಲಿ ಬಂದ ವರದಿಗಳೂ ಹೀಗೇ ಇದ್ದವು.

## ರೆಸಿಸ್ಟೆನ್ಸ್ ಬರುವುದೇ ಇಲ್ಲವೇ?

ಪಿಡಿಟಿಗೆ ಬಗ್ಗದ ತಳಿ, ಅಂದರೆ ರೆಸಿಸ್ಟೆನ್ಸ್, ಹುಟ್ಟುವುದೇ ಇಲ್ಲ: ಅದರ ಪರವಾಗಿ ಹೆಚ್ಚು ಕೇಳಿಬರುವ ಮಾತು ಇದು. ಪೆಟ್ಟು ಹಲವು ಕಡೆ ಬೀಳುವುದರಿಂದ ಒಂದು ಮ್ಯುಟೇಶನ್‌ನಿಂದ ತಪ್ಪಿಸಿಕೊಳ್ಳಲು ಆಗದು ಎಂಬ ತರ್ಕ ಸರಿಯಾಗಿಯೇ ಇದೆ. ಆದರೆ ಫಂಗಸ್ ಕೈಕಟ್ಟಿ ಕೂತಿಲ್ಲ. ಕ್ಯಾಂಡಿಡ ಔಷಧಿಯನ್ನು ಹೊರದಬ್ಬಲು ಬಳಸುವ ಪಂಪುಗಳೇ ಮೆಥಿಲೀನ್ ಬ್ಲೂವನ್ನೂ ಹೊರದಬ್ಬುತ್ತವೆ. ಕ್ರಿಪ್ಟೊಕಾಕಸ್‌ನಂಥವು ಮೆಲನಿನ್ ಹೊದ್ದುಕೊಳ್ಳುತ್ತವೆ, ಅದು ಬೆಳಕಿಗೂ ರ‍್ಯಾಡಿಕಲ್‌ಗಳಿಗೂ ತಡೆ. ಇವು ಪೂರ್ಣ ರಕ್ಷಣೆ ಕೊಡಲಿಕ್ಕಿಲ್ಲ. ಕಡಿಮೆ ಡೋಸಿನ ಬೆಳಕಿನಲ್ಲಿ ಬದುಕುಳಿಯಲು ಸಾಕು. ಸಾವಿರಾರು ಜನ ಮನೆಯಲ್ಲಿ ಅರೆಬರೆ ಬೆಳಕು ಬಿಟ್ಟುಕೊಂಡಾಗ ಏನಾಗುತ್ತದೆ ಎಂಬುದನ್ನು ತಟ್ಟೆಯ ಪ್ರಯೋಗ ಹೇಳಲಾರದು. ಅರೆಬರೆ ಚಿಕಿತ್ಸೆಯ ಕಥೆ ಸ್ಟಿರಾಯ್ಡ್ ಮುಲಾಮಿನ ಕಾಲದಲ್ಲೇ ಕಂಡಾಗಿದೆ.

## ಪಟ್ಟಿಯಲ್ಲಿ ಇರುವುದು ಒಂದು, ಬೆಳಕು ತಲುಪುವುದು ಇನ್ನೊಂದು

ಈಗ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಆ ನಾಲ್ಕು ಹೆಸರುಗಳಿಗೆ ಮತ್ತೆ ಬರೋಣ. ಕ್ರಿಪ್ಟೊಕಾಕಸ್ ಕೊಲ್ಲುವುದು ಮಿದುಳಿನ ಪೊರೆಗೆ ಸೇರಿ. ಆಸ್ಪರ್ಜಿಲಸ್ ಶ್ವಾಸಕೋಶದಲ್ಲಿ. ಎರಡೂ ಕ್ಯಾಂಡಿಡಗಳು ರಕ್ತಕ್ಕೆ ಇಳಿದಾಗ. ಈ ಯಾವ ಜಾಗಕ್ಕೂ ಹೊರಗಿನ ದೀಪ ತಲುಪುವುದಿಲ್ಲ. ಬಣ್ಣವನ್ನು ರಕ್ತಕ್ಕೆ ಕೊಡೋಣ ಎಂದರೆ ಬೇರೆ ಅಪಾಯ. ಕ್ಯಾನ್ಸರ್ ಪಿಡಿಟಿಗೆ ರಕ್ತಕ್ಕೆ ಕೊಡುವ ಫೋಟೋಫ್ರಿನ್ ಎಂಬ ಬಣ್ಣ ಪಡೆದವರು ಕನಿಷ್ಠ 30 ದಿನ ಬಿಸಿಲಿಗೆ ಮೈ ಒಡ್ಡುವಂತಿಲ್ಲ. ಮೆಥಿಲೀನ್ ಬ್ಲೂ ರಕ್ತಕ್ಕೆ ಸೇರಿದರೆ ಕೆಲವು ಖಿನ್ನತೆಯ ಔಷಧಿಗಳ ಜತೆ ಸಿರೊಟೊನಿನ್ ಎಂಬ ಮಿದುಳಿನ ರಾಸಾಯನಿಕ ಏರಿಸಿ ಜೀವಕ್ಕೇ ಸಂಚಕಾರ ತರಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರ ಕೆಂಪು ರಕ್ತಕಣ ಒಡೆಯಬಹುದು.

ಹಾಗಾಗಿ ಪಟ್ಟಿಯ ಭಯ ತೋರಿಸಿ ಬೆಳಕಿನ ಚಿಕಿತ್ಸೆಯನ್ನು ಮಾರುವ ಸುದ್ದಿ ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದೇ ಮೂಟೆಯಲ್ಲಿ ಕಟ್ಟುತ್ತಿದೆ. ಕ್ಯಾಂಡಿಡ ಆರಿಸ್ ವಿಷಯದಲ್ಲಿ ಒಂದು ಸಣ್ಣ ವಿನಾಯಿತಿ ಕೊಡಬಹುದು. ಅದು ಆಸ್ಪತ್ರೆಯ ರೋಗಿಗಳ ಚರ್ಮದ ಮೇಲೆ, ಹಾಸಿಗೆ ಕಂಬಿಯ ಮೇಲೆ ಕೂತು ಹರಡುತ್ತದೆ. ಮೇಲ್ಮೈ ಶುದ್ಧಿಗೆ ಬೆಳಕು ಬಳಸುವ ಯೋಚನೆಗೆ ಅಲ್ಲಿ ಅರ್ಥ ಇದೆ. ಅದು ರೋಗ ತಡೆಯುವ ಕೆಲಸ, ಗುಣಪಡಿಸುವುದಲ್ಲ.

## ದೊಡ್ಡ ಪ್ರಯೋಗ ಯಾಕೆ ಆಗುತ್ತಿಲ್ಲ

ಮೆಥಿಲೀನ್ ಬ್ಲೂ ಮೊದಲು ತಯಾರಾದದ್ದು 1876ರಲ್ಲಿ. ಅದಕ್ಕೆ ಪೇಟೆಂಟ್ ಎಲ್ಲಿಂದ ಬರಬೇಕು? ನೂರಾರು ರೋಗಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಲು ಬಹಳ ಹಣ ಬೇಕು. ಯಾರು ಬೇಕಾದರೂ ಮಾರಬಹುದಾದ ಬಣ್ಣಕ್ಕೆ ಔಷಧಿ ಕಂಪನಿ ಆ ಹಣ ಹಾಕುವುದಿಲ್ಲ. ಪೇಟೆಂಟ್ ಸಿಗುವುದು ದೀಪಕ್ಕೆ. ದೀಪದ ಉಪಕರಣಗಳಿಗೆ ಅನುಮತಿ ಪಡೆಯಲು ಹಲವೆಡೆ ಹೊಸ ಔಷಧಿಯಷ್ಟು ಗಟ್ಟಿ ಸಾಕ್ಷ್ಯ ಬೇಕಾಗುವುದಿಲ್ಲ. ಇದರ ಫಲ ಕಣ್ಣೆದುರೇ ಇದೆ. ದೀಪದ ಜಾಹೀರಾತು ದೊಡ್ಡದು, ಬಣ್ಣ ಮತ್ತು ದೀಪ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬ ಸಾಕ್ಷ್ಯ ಚಿಕ್ಕದು. ಬಣ್ಣ ಔಷಧಿ, ದೀಪ ಉಪಕರಣ ಎಂದು ಎರಡು ಕಡೆ ಅನುಮತಿ ಕೇಳಬೇಕಾದ ತಲೆನೋವು ಬೇರೆ.

ಮುಂದಿನ ಕೆಲವು ವರ್ಷಗಳಲ್ಲಿ ದಂತವೈದ್ಯರ ಬಳಿ, ಚರ್ಮದ ಡಾಕ್ಟರ ಬಳಿ ಪಿಡಿಟಿ ಮಾತ್ರೆಯ ಬದಲಿಗಲ್ಲ, ಮಾತ್ರೆಯ ಜತೆಗೆ ಬರುವ ಸಾಧ್ಯತೆ ಹೆಚ್ಚು. ಬೆಳಕು ಫಂಗಸ್ಸಿನ ಪೊರೆಯನ್ನು ಸಡಿಲ ಮಾಡಿದರೆ ಕಡಿಮೆ ಔಷಧಿಯೇ ಹೆಚ್ಚು ನಾಟಬಹುದು ಎಂಬುದಕ್ಕೆ ಲ್ಯಾಬಿನಲ್ಲಿ ಸೂಚನೆಗಳಿವೆ. ಮನೆಯ ದೀಪಗಳ ಮಾರಾಟವೂ ಏರುತ್ತದೆ. ಅವುಗಳಿಂದ ಸುಟ್ಟ ಗಾಯ ಆಗುವುದು ಅಪರೂಪ. ತೊಂದರೆ ಬೇರೆ ರೀತಿಯದು. ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧ ಮಾತ್ರ ಫಂಗಸ್‌ನಿಂದ ಆದವು. ಉಳಿದದ್ದು ಸೋರಿಯಾಸಿಸ್, ಶೂ ಒತ್ತಿ ಆದ ಪೆಟ್ಟು, ಅಪರೂಪಕ್ಕೆ ಉಗುರಿನಡಿಯ ಕ್ಯಾನ್ಸರ್. ಪರೀಕ್ಷೆ ಮಾಡಿಸದೆ ಎಂಟು ತಿಂಗಳು ನೀಲಿ ದೀಪ ಹಿಡಿದು ಕೂತವರಿಗೆ ಆ ಎಂಟು ತಿಂಗಳು ಮರಳಿ ಸಿಗುವುದಿಲ್ಲ.

ಈ ಚಿಕಿತ್ಸೆಯ ನಿಜವಾದ ಅಗತ್ಯ ಇರುವುದು ಮಾತ್ರೆ ನುಂಗಲಾಗದವರಿಗೆ. ಲಿವರ್ ಕೆಟ್ಟವರು, ದಿನಕ್ಕೆ ಏಳೆಂಟು ಬೇರೆ ಔಷಧಿ ತಿನ್ನುವ ವಯಸ್ಸಾದವರು, ಗರ್ಭಿಣಿಯರು, ಟರ್ಬಿನಾಫಿನ್‌ಗೆ ಬಗ್ಗದ ತಳಿ ಹಿಡಿದವರು. ಮುಂದಿನ ಪ್ರಯೋಗ ಇಂಥವರನ್ನೇ ಆರಿಸಿಕೊಂಡು, ಇಬ್ಬರ ಉಗುರನ್ನೂ ಒಂದೇ ರೀತಿ ಉಜ್ಜಿ, ಒಬ್ಬರಿಗೆ ನಿಜವಾದ ಬೆಳಕು ಇನ್ನೊಬ್ಬರಿಗೆ ಹುಸಿ ಬೆಳಕು ಬಿಟ್ಟು, ಹೊಸ ಉಗುರು ತುದಿ ಮುಟ್ಟುವವರೆಗೆ ಒಂದೂವರೆ ವರ್ಷ ಕಾದು ನೋಡಿದರೆ ಬೆಳಕಿನ ಪಾಲು ಎಷ್ಟು ಎಂಬುದು ಲೆಕ್ಕಕ್ಕೆ ಸಿಗುತ್ತದೆ.